ಇಂಗ್ಲಿಷ್ ನುಡಿಗಟ್ಟು: ಯಾವುದನ್ನು ಕಲಿಯಬೇಕು, ಯಾವ ದಾರಿಯಲ್ಲಿ ಕಲಿಯಬೇಕು?

ಹಲವು ವರ್ಷಗಳ ಹಿಂದೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ತಂದೆ ತೀರಿಕೊಂಡರು. ಇಂಗ್ಲಿಷಿನಲ್ಲಿ ಎರಡು ಸಾಲು ಸಂತಾಪ ಬರೆಯಬೇಕಿತ್ತು. ಆ ದಿನಗಳಲ್ಲಿ ನಾನು ನುಡಿಗಟ್ಟುಗಳ ಉದ್ದದ ಪಟ್ಟಿಯೊಂದನ್ನು ಉರು ಹೊಡೆಯುತ್ತಿದ್ದೆ. ಅದರಲ್ಲಿ ‘ಕಿಕ್ ದ ಬಕೆಟ್’ ಎಂಬುದರ ಎದುರು ‘ಸಾಯುವುದು’ ಎಂದಷ್ಟೇ ಇತ್ತು. ಹೊಸದಾಗಿ ಕಲಿತದ್ದನ್ನು ಬಳಸುವ ಹುರುಪು ಬೇರೆ. ಬರೆದೇಬಿಟ್ಟೆ. ಪುಣ್ಯಕ್ಕೆ ಕಳಿಸುವ ಮೊದಲು ಪಕ್ಕದಲ್ಲಿದ್ದವರಿಗೆ ತೋರಿಸಿದೆ. ಅವರ ಮುಖ ನೋಡಿದ್ದೇ ಅಳಿಸಿಹಾಕಿದೆ. ಕನ್ನಡದಲ್ಲಿ ‘ನಿಮ್ಮ ತಂದೆ ಗೊಟಕ್ ಅಂದರಂತೆ, ಕೇಳಿ ದುಃಖವಾಯಿತು’ ಎಂದು ಬರೆದಂತಾಗುತ್ತಿತ್ತು.

ಪಟ್ಟಿ ಕೊಟ್ಟ ಅರ್ಥ ತಪ್ಪಾಗಿರಲಿಲ್ಲ. ಆ ಮಾತನ್ನು ಯಾರೆದುರು ಆಡಬಹುದು, ಯಾರೆದುರು ಆಡಬಾರದು ಎಂಬುದು ಮಾತ್ರ ಅಲ್ಲಿರಲಿಲ್ಲ. ಆಮೇಲೆ ಮುಂದೆ ಪ್ರಶ್ನೆ ಹಿಂದೆ ಉತ್ತರ ಬರೆದ ಕಾರ್ಡು, ಆ್ಯಪ್, ಧಾರಾವಾಹಿ, ಪಾಡ್‌ಕಾಸ್ಟ್, ಮಾತಿನ ಜೊತೆಗಾರ, ಈಗೀಗ ಚಾಟ್‌ಬಾಟ್ ಎಂದು ಹೆಚ್ಚುಕಡಿಮೆ ಎಲ್ಲ ದಾರಿಗಳಲ್ಲೂ ಒಂದಿಷ್ಟು ದೂರ ನಡೆದಿದ್ದೇನೆ. ಒಂದೊಂದು ಒಂದೊಂದಕ್ಕೆ ಒದಗುತ್ತದೆ. ಆದರೆ ‘ಹೇಗೆ ಕಲಿಯಲಿ’ ಎಂದು ಕೇಳುವವರೇ ಬಹಳ, ‘ಯಾವುದನ್ನು ಕಲಿಯಲಿ’ ಎಂದು ಕೇಳುವವರು ಕಡಿಮೆ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ಆಯ್ಕೆ. ಅದನ್ನು ಮೊದಲು ಮುಗಿಸಿಕೊಳ್ಳೋಣ.

ಬಣ್ಣದ ಮಾತು, ಜೋಡಿ ಕ್ರಿಯಾಪದ, ಅಂಟಿನ ಮಾತು

ರೂಢಿಯ ಇಂಗ್ಲಿಷನ್ನು ಮೂರು ರಾಶಿ ಮಾಡಿಕೊಳ್ಳಬಹುದು. ಮೊದಲ ರಾಶಿ ಬಣ್ಣದ ಮಾತುಗಳದ್ದು: ‘ಸ್ಪಿಲ್ ದ ಬೀನ್ಸ್’ (ಗುಟ್ಟು ಬಿಟ್ಟುಕೊಡು), ‘ಪೀಸ್ ಆಫ್ ಕೇಕ್’ (ತೀರಾ ಸುಲಭದ ಕೆಲಸ), ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ (ಜೋರು ಮಳೆ). ಎಲ್ಲ ಪಟ್ಟಿಗಳೂ ಇವುಗಳಿಂದಲೇ ತುಂಬಿರುತ್ತವೆ, ಯಾಕೆಂದರೆ ಚಿತ್ರ ಬರೆದು ತೋರಿಸಲು ಚೆನ್ನ. ಬೆಕ್ಕು ನಾಯಿಗಳ ಮಳೆ ಹದಿನೇಳನೇ ಶತಮಾನದಿಂದ ಸುರಿಯುತ್ತಿದೆ; 1738ರಲ್ಲಿ ವ್ಯಂಗ್ಯಕ್ಕೆ ಹೆಸರಾದ ಲೇಖಕ ಜೊನಾಥನ್ ಸ್ವಿಫ್ಟ್ ತನ್ನ ಕಾಲದ ಸವಕಲು ಮಾತುಗಳನ್ನು ಗೇಲಿ ಮಾಡಲು ಬರೆದ ಸಂಭಾಷಣೆಯಲ್ಲೇ ಅದು ಬಂದಿದೆ. ಗೇಲಿಗೆ ಸಿಕ್ಕು ಹತ್ತಿರ ಹತ್ತಿರ ಮುನ್ನೂರು ವರ್ಷವಾದ ಮಾತನ್ನು ನಾವು ಇನ್ನೂ ಹೊಸ ಅಂಗಿಯ ಹಾಗೆ ಹಾಕಿಕೊಂಡು ಓಡಾಡುತ್ತೇವೆ. ಇಂಗ್ಲಿಷ್ ಮನೆಮಾತಿನವರು ಜೋರು ಮಳೆಗೆ ಸಾಮಾನ್ಯವಾಗಿ ‘ಇಟ್ಸ್ ಪೋರಿಂಗ್’ ಅನ್ನುತ್ತಾರೆ, ಅಷ್ಟೇ.

ನಮ್ಮ ಮಾತನ್ನೇ ನೋಡಿ. ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎಂದು ನೀವು ಕೊನೆಯ ಸಲ ಬಾಯಿಬಿಟ್ಟು ಹೇಳಿದ್ದು ಯಾವಾಗ? ಅದೇ ‘ತಲೆ ತಿನ್ನಬೇಡ’, ‘ಅಂದ ಹಾಗೆ’, ‘ಹೋಗ್ಲಿ ಬಿಡಿ’, ‘ನೋಡೋಣ’ ಎಂಬವು ಇವತ್ತೇ ಎಷ್ಟು ಸಲ ಬಂದಿವೆಯೋ ಲೆಕ್ಕವಿಲ್ಲ. ಕನ್ನಡ ಕಲಿಯಲು ಬಂದವರೊಬ್ಬರು ಗಾದೆಗಳನ್ನೆಲ್ಲ ಕಂಠಪಾಠ ಮಾಡಿ ‘ಅಂದ ಹಾಗೆ’ ಗೊತ್ತಿಲ್ಲದೆ ಕೂತಿದ್ದರೆ ನಗು ಬರುತ್ತದಲ್ಲ, ಇಂಗ್ಲಿಷಿನಲ್ಲಿ ನಾವು ಆಗುವುದು ಅದೇ.

ಎರಡನೇ ರಾಶಿ ಫ್ರೇಸಲ್ ವರ್ಬ್‌ಗಳದ್ದು. ಒಂದು ಸಣ್ಣ ಕ್ರಿಯಾಪದ, ಅದರ ಬೆನ್ನಿಗೆ ಇನ್ನೂ ಸಣ್ಣ ಪದ. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ, ‘ಪುಟ್ ಔಟ್’ ಎಂದರೆ ಬೆಂಕಿ ಆರಿಸು, ‘ಪುಟ್ ಡೌನ್’ ಎಂದರೆ ಕೆಳಗಿಡು, ಹೀಯಾಳಿಸು ಎರಡೂ. ನಾಲ್ಕರಲ್ಲಿ ‘ಕೆಳಗಿಡು’ ಒಂದನ್ನು ಬಿಟ್ಟರೆ ಇಡುವ ಕೆಲಸ ಎಲ್ಲೂ ಇಲ್ಲ. ಇದು ಇಂಗ್ಲಿಷಿನ ವಿಚಿತ್ರ ಅಂದುಕೊಳ್ಳುವ ಮೊದಲು ‘ಎತ್ತಿಕಟ್ಟು’ ಎಂಬ ಮಾತನ್ನು ಬಿಡಿಸಿ ನೋಡಿ. ಒಬ್ಬರನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟುವಾಗ ಯಾರೂ ಏನನ್ನೂ ಎತ್ತುವುದಿಲ್ಲ, ಕಟ್ಟುವುದೂ ಇಲ್ಲ. ‘ಹಚ್ಚಿಕೊಳ್ಳು’, ‘ಹೇಳಿಬಿಡು’, ‘ತೆಗೆದುಹಾಕು’ ಎಲ್ಲ ಇದೇ ಜಾತಿ. ‘ಹೇಳಿದ’ ಎಂಬುದಕ್ಕೂ ‘ಹೇಳಿಬಿಟ್ಟ’ ಎಂಬುದಕ್ಕೂ ಇರುವ ಅಂತರ ಕನ್ನಡಿಗರ ಕಿವಿಗೆ ಥಟ್ಟನೆ ಹೊಳೆಯುತ್ತದೆ. ಆ ಕಿವಿಯನ್ನೇ ಇಂಗ್ಲಿಷಿಗೂ ಹೊರಳಿಸಬೇಕು.

ಪುಸ್ತಕದಿಂದ ಇಂಗ್ಲಿಷ್ ಕಲಿತವರು ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಇನ್ವೆಸ್ಟಿಗೇಟ್’ ಅನ್ನುತ್ತಾರೆ. ಮನೆಮಾತಿನವರು ಮಾತಿನಲ್ಲಿ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಲುಕ್ ಇನ್‌ಟು’ ಎಂದು ಮುಗಿಸುತ್ತಾರೆ. ಕನ್ನಡಕ್ಕೆ ಸಂಸ್ಕೃತ ಹೇಗೋ ಇಂಗ್ಲಿಷಿಗೆ ಲ್ಯಾಟಿನ್ ಹಾಗೆ. ‘ನಾನು ನಿನ್ನೆ ಆಗಮಿಸಿದೆ’ ಅಂದರೆ ತಪ್ಪಿಲ್ಲ, ಆದರೆ ‘ನಿನ್ನೆ ಬಂದೆ’ ಅನ್ನುವವರ ನಡುವೆ ನಿಂತು ಹಾಗೆ ಹೇಳಿದರೆ ನಾಟಕದ ಪಾತ್ರ ಮಾತಾಡಿದಂತೆ ಕೇಳುತ್ತದೆ. ನಮ್ಮ ಇಂಗ್ಲಿಷ್ ಬಿಗಿಯಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.

ಈ ರಾಶಿಯಲ್ಲೊಂದು ಸಣ್ಣ ಕಿರಿಕಿರಿ ಇದೆ. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಆದರೆ ‘ಲುಕ್ ಇನ್‌ಟು ಇಟ್’ ಸರಿ, ‘ಲುಕ್ ಇಟ್ ಇನ್‌ಟು’ ತಪ್ಪು. ನಡುವೆ ‘ಇಟ್’ ಹಿಡಿಸುವ ಜೋಡಿ ಯಾವುದು, ಹಿಡಿಸದ್ದು ಯಾವುದು ಎಂದು ನಿಯಮ ಹಿಡಿದು ಹೊರಟರೆ ತಲೆ ಕೆಡುತ್ತದೆ. ಕಲಿಯುವಾಗಲೇ ‘ಇಟ್’ ಸೇರಿಸಿ ಕಲಿತರೆ ಮುಗಿಯಿತು. ನಾನು ‘ಫಿಗರ್ ಔಟ್’ (ಯೋಚಿಸಿ ಕಂಡುಕೊಳ್ಳು) ಎಂದು ಬರೆದುಕೊಳ್ಳುವುದೇ ಇಲ್ಲ, ‘ಫಿಗರ್ ಇಟ್ ಔಟ್’ ಎಂದೇ ಬರೆದುಕೊಳ್ಳುತ್ತೇನೆ.

ಮೂರನೇ ರಾಶಿಗೆ ನಾನಿಟ್ಟ ಹೆಸರು ಅಂಟಿನ ಮಾತು. ಒಂದು ವಾಕ್ಯವನ್ನು ಇನ್ನೊಂದಕ್ಕೆ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಅಂಟಿಸುವಂಥವು. ‘ಬೈ ದ ವೇ’ ನಮ್ಮ ‘ಅಂದ ಹಾಗೆ’. ‘ನೆವರ್ ಮೈಂಡ್’ ನಮ್ಮ ‘ಹೋಗ್ಲಿ ಬಿಡಿ’. ‘ದಟ್ ಸೆಡ್’ ಎಂಬುದಕ್ಕೆ ‘ಹಾಗಂತ’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ‘ಕಮ್ ಟು ಥಿಂಕ್ ಆಫ್ ಇಟ್’ ಅಂದರೆ ‘ಈಗ ಯೋಚಿಸಿದರೆ’. ‘ಫೇರ್ ಎನಫ್’ ಅಂದರೆ ‘ಸರಿ, ನೀವು ಹೇಳೋದೂ ನಿಜವೇ’. ‘ನಾಟ್ ರಿಯಲಿ’ ಎಂಬುದು ‘ಅಷ್ಟೇನಿಲ್ಲ’ ಎಂಬ ಮೆತ್ತಗಿನ ನಿರಾಕರಣೆ; ಬರೀ ‘ನೋ’ ಅಂದರೆ ಕಪಾಳಕ್ಕೆ ಹೊಡೆದಂತಾಗುವ ಕಡೆ ಇದು ಒದಗುತ್ತದೆ. ಇವಕ್ಕೆ ಬಣ್ಣವಿಲ್ಲ, ಕತೆಯಿಲ್ಲ, ಆದ್ದರಿಂದ ಪಟ್ಟಿಗಳಲ್ಲಿ ಜಾಗವೂ ಇಲ್ಲ. ಆದರೆ ಮುಂದಿನ ವಾಕ್ಯ ಹೊಳೆಯುವವರೆಗೆ ಎರಡು ಸೆಕೆಂಡ್ ಸಮಯ ಕೊಡುವುದು, ‘ಇವರ ಇಂಗ್ಲಿಷ್ ಸಲೀಸಾಗಿದೆ’ ಎಂದು ಎದುರಿನವರಿಗೆ ಅನ್ನಿಸುವಂತೆ ಮಾಡುವುದು ಇವೇ.

ಮೂರರಲ್ಲಿ ಯಾವುದು ಮೊದಲು ಎಂದರೆ ನನ್ನ ಉತ್ತರ ನೇರ: ಅಂಟು ಮೊದಲು, ಜೋಡಿ ಕ್ರಿಯಾಪದ ಆಮೇಲೆ, ಬಣ್ಣ ಕೊನೆಗೆ. ಹೊಸದಾಗಿ ಹತ್ತು ಕಲಿತರೆ ಐದು ಅಂಟು, ನಾಲ್ಕು ಜೋಡಿ, ಒಂದು ಬಣ್ಣ. ಬಣ್ಣದವುಗಳಲ್ಲೂ ನಿಜಕ್ಕೂ ದಿನಬಳಕೆಯಲ್ಲಿರುವವು ಇವೆ: ‘ಕಾಲ್ ಇಟ್ ಎ ಡೇ’ (ಇವತ್ತಿಗೆ ಸಾಕು ಮಾಡು), ‘ಕೀಪ್ ಆ್ಯನ್ ಐ ಆನ್’ (ಒಂದು ಕಣ್ಣಿಟ್ಟಿರು), ‘ಪ್ಲೇ ಇಟ್ ಬೈ ಇಯರ್’ (ಸಂದರ್ಭ ನೋಡಿಕೊಂಡು ಮಾಡು), ‘ಆನ್ ದ ಸೇಮ್ ಪೇಜ್’ (ಒಂದೇ ಅಭಿಪ್ರಾಯದಲ್ಲಿ), ‘ಔಟ್ ಆಫ್ ದ ಬ್ಲೂ’ (ಇದ್ದಕ್ಕಿದ್ದಂತೆ). ಬಳಸಲು ಇವುಗಳಿಂದ ಆರಿಸಿ. ಉಳಿದವು ಕೇಳಿದಾಗ ಅರ್ಥವಾದರೆ ಸಾಕು.

ಕನ್ನಡದ ಜೊತೆ ತಾಳೆ ಹಾಕಿದರೆ

ಮೊಸಳೆ ಕಣ್ಣೀರು, ಬಿಳಿ ಆನೆ, ಬೆನ್ನಿಗೆ ಚೂರಿ, ಒಂದೇ ಕಲ್ಲಿಗೆ ಎರಡು ಹಕ್ಕಿ, ಮೂಗು ತೂರಿಸುವುದು, ತಣ್ಣೀರೆರಚುವುದು, ಕೈ ಮೀರುವುದು. ಇವೆಲ್ಲ ಇಂಗ್ಲಿಷಿನಲ್ಲೂ ಅದೇ ಚಿತ್ರ, ಅದೇ ಅರ್ಥ. ಕೆಲವು ಅಲ್ಲಿಂದಲೇ ಅನುವಾದವಾಗಿ ಬಂದು ನಮ್ಮವಾಗಿವೆ. ಇವಕ್ಕೆ ಶ್ರಮವೇ ಬೇಡ. ‘ಗೆಟ್ ಔಟ್ ಆಫ್ ಹ್ಯಾಂಡ್’ ಎಂಬ ಪದಗಳ ಜೋಡಣೆ ನೆನಪಿಟ್ಟರೆ ಸಾಕು, ಅರ್ಥ ಆಗಲೇ ನಿಮ್ಮ ಜೇಬಿನಲ್ಲಿದೆ.

ಚಿತ್ರ ಬೇರೆ, ಭಾವ ಒಂದೇ ಇರುವವು ಇನ್ನೊಂದಿಷ್ಟು. ನಾವು ಹಾಸಿಗೆ ಇದ್ದಷ್ಟು ಕಾಲು ಚಾಚುತ್ತೇವೆ, ಅವರು ಬಟ್ಟೆ ಇದ್ದಷ್ಟು ಕೋಟು ಕತ್ತರಿಸುತ್ತಾರೆ. ನಾವು ಕಣ್ಣಿಗೆ ಮಣ್ಣೆರಚುತ್ತೇವೆ, ಅವರು ಕಣ್ಣಿನ ಮೇಲೆ ಉಣ್ಣೆ ಎಳೆಯುತ್ತಾರೆ. ನಾವು ಗಾಯದ ಮೇಲೆ ಬರೆ ಹಾಕಿದರೆ ಅವರು ಗಾಯಕ್ಕೆ ಅವಮಾನ ಸೇರಿಸುತ್ತಾರೆ. ಇಂಥವನ್ನು ಜೋಡಿಯಾಗಿ ಬರೆದಿಟ್ಟುಕೊಂಡರೆ ಮರೆಯುವುದು ಕಷ್ಟ.

ಎಡವುವುದು ಮೂರನೇ ಗುಂಪಿನಲ್ಲಿ. ‘ಅವನು ನನಗೆ ಕೈ ಕೊಟ್ಟ’ ಎಂದು ಕನ್ನಡದಲ್ಲಿ ಹೇಳಿದರೆ ಎದುರಿನವರು ‘ಅಯ್ಯೋ ಪಾಪ’ ಅನ್ನುತ್ತಾರೆ. ‘ಹೀ ಗೇವ್ ಮಿ ಎ ಹ್ಯಾಂಡ್’ ಎಂದರೆ ಅವನು ನೆರವಾದ. ಪೂರಾ ತಲೆಕೆಳಗು. ತುದಿಗಾಲಲ್ಲಿ ನಿಂತವರು ನಮ್ಮಲ್ಲಿ ಆಸೆಯಿಂದ ಕಾಯುವವರು. ಇಂಗ್ಲಿಷಿನಲ್ಲಿ ‘ಆನ್ ಯುವರ್ ಟೋಸ್’ ಇರುವವರು ಮೈಯೆಲ್ಲ ಕಣ್ಣಾಗಿ ಎಚ್ಚರದಿಂದ ಇರುವವರು. ಕಾಲೆಳೆಯುವುದು ನಮ್ಮಲ್ಲಿ ಛೇಡಿಸುವುದೂ ಹೌದು, ಮೇಲೆ ಬರುವವರನ್ನು ಕೆಳಗೆ ಜಗ್ಗುವುದೂ ಹೌದು. ‘ಪುಲಿಂಗ್ ಯುವರ್ ಲೆಗ್’ ಬರೀ ತಮಾಷೆ, ಅದೂ ಸುಳ್ಳು ಹೇಳಿ ನಂಬಿಸುವ ತಮಾಷೆ. ಹೊಟ್ಟೆಯುರಿಯನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರೆ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಾರೆ. ‘ತಲೆ ತಿನ್ನಬೇಡ’ ಎಂಬುದನ್ನೂ ಹಾಗೇ ಇಳಿಸಲಾಗದು. ಅಲ್ಲಿ ತಲೆ ತಿಂದವರು ಗೋಡೆ ಹತ್ತಿಸುತ್ತಾರೆ, ‘ಯು ಆರ್ ಡ್ರೈವಿಂಗ್ ಮಿ ಅಪ್ ದ ವಾಲ್’. ಇನ್ನು ‘ಪಾಸ್ ಔಟ್’. ಕಾಲೇಜಿನಿಂದ ಪಾಸ್ ಔಟ್ ಆದೆ ಎಂದು ನಾವು ಹೆಮ್ಮೆಯಿಂದ ಹೇಳಿದರೆ ಭಾರತದ ಹೊರಗೆ ಬಹುತೇಕರಿಗೆ ನೀವು ಪ್ರಜ್ಞೆ ತಪ್ಪಿ ಬಿದ್ದ ಚಿತ್ರ ಕಾಣುತ್ತದೆ.

ಈ ಮೂರನೇ ಗುಂಪನ್ನು ಯಾವ ಆ್ಯಪೂ ನಿಮಗೆ ಮಾಡಿಕೊಡುವುದಿಲ್ಲ. ಜಗತ್ತಿಗೆಲ್ಲ ಒಂದೇ ಪಾಠ ಹಂಚುವವರಿಗೆ ‘ಕೈ ಕೊಟ್ಟ’ ಗೊತ್ತಿರುವುದಿಲ್ಲವಲ್ಲ. ನೀವೇ ಮಾಡಿಕೊಳ್ಳಬೇಕು.

ಪಟ್ಟಿ ಮತ್ತು ನಿಘಂಟು

ಈಗ ದಾರಿಗಳ ಮಾತು. ಪಟ್ಟಿಯ ಬಗ್ಗೆ ಬೇಕಾದಷ್ಟು ಹೇಳಿದ್ದಾಯಿತು. ಅದು ಹೊಣೆಗೇಡಿ ಗೆಳೆಯನ ಹಾಗೆ, ಸುದ್ದಿ ಕೊಡುತ್ತದೆ, ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ನಿಘಂಟಿನ ಕತೆ ಬೇರೆ. ಅದರಲ್ಲೂ ಕಲಿಯುವವರಿಗೆಂದೇ ಮಾಡಿದ ನಿಘಂಟು. ಈ ಬಗೆಯ ನಿಘಂಟುಗಳಲ್ಲಿ ಹೆಸರಾದದ್ದು ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಸಂಗಡಿಗರೊಂದಿಗೆ ಮಾಡಿದ್ದು. 1942ರಲ್ಲಿ ಅಲ್ಲೇ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಇಂಗ್ಲಿಷ್ ಮನೆಮಾತಲ್ಲದವರು ಎಲ್ಲಿ ಎಡವುತ್ತಾರೆ ಎಂದು ಎದುರಿಗೇ ಕಂಡವರು ಮಾಡಿದ ಪುಸ್ತಕ. ಇವತ್ತು ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರರ ಕಲಿಕೆಯ ನಿಘಂಟುಗಳೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಅರ್ಥಕ್ಕಿಂತ ಮೊದಲು ಅದರ ಪಕ್ಕದ ಸಣ್ಣ ಗುರುತನ್ನು ನೋಡಿ: ಆಡುಮಾತೋ, ಹಳತಾದದ್ದೋ, ಬ್ರಿಟನ್ನಿನದೋ, ಅಮೆರಿಕದ್ದೋ. ನನ್ನ ಸಂತಾಪ ಪತ್ರದ ಗಂಡಾಂತರವನ್ನು ಆ ಒಂದು ಗುರುತು ತಪ್ಪಿಸುತ್ತಿತ್ತು. ಅರ್ಬನ್ ಡಿಕ್ಷನರಿ ಇನ್ನೊಂದು ತುದಿ. 1999ರಿಂದ ಇರುವ ಅದನ್ನು ಬರೆಯುವವರು ಬಳಕೆದಾರರೇ. ಹೊಸ ಪೋಲಿ ಮಾತು ತಿಳಿಯಲು ಅಲ್ಲಿಗೆ ಹೋಗಿ. ಕಲಿತು ಬಳಸಲು ಬೇಡ.

ನಿಘಂಟು ಇನ್ನೊಂದು ಉಪಕಾರ ಮಾಡುತ್ತದೆ. ಕನ್ನಡದಲ್ಲಿ ‘ಎ’, ‘ದ’ಗಳಂಥ ಪ್ರತ್ಯೇಕ ಪದಗಳಿಲ್ಲ, ಆದ್ದರಿಂದ ನಮ್ಮ ಕಿವಿ ಅವನ್ನು ಜಾರಿಸಿಬಿಡುತ್ತದೆ. ಬೇರೆ ಕಡೆ ಅದು ಸಣ್ಣ ತಪ್ಪು, ನುಡಿಗಟ್ಟಿನಲ್ಲಿ ಇಡೀ ಮಾತೇ ಮುರಿಯುತ್ತದೆ. ‘ಔಟ್ ಆಫ್ ದ ಕ್ವೆಶ್ಚನ್’ ಎಂದರೆ ಸಾಧ್ಯವೇ ಇಲ್ಲ. ‘ದ’ ಬಿಟ್ಟರೆ ಆ ಅರ್ಥ ನಿಲ್ಲುವುದಿಲ್ಲ. ‘ಟೇಕ್ ಪ್ಲೇಸ್’ ಎಂದರೆ ನಡೆಯುವುದು, ‘ಟೇಕ್ ದ ಪ್ಲೇಸ್ ಆಫ್’ ಎಂದರೆ ಇನ್ನೊಂದರ ಜಾಗ ತುಂಬುವುದು. ಮಾತು ಎಷ್ಟು ಬಗ್ಗುತ್ತದೆ ಎಂಬುದೂ ಬೇರೆ ಬೇರೆ. ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದರೆ ಗುಟ್ಟು ಹೊರಬಿದ್ದದ್ದೇ. ‘ದ ಬಕೆಟ್ ವಾಸ್ ಕಿಕ್ಡ್’ ಎಂದರೆ ಸತ್ತವರು ಯಾರೂ ಇಲ್ಲ, ಯಾರೋ ಬಕೆಟ್ ಒದ್ದಿದ್ದಾರೆ ಅಷ್ಟೇ. ಉದಾಹರಣೆ ವಾಕ್ಯಗಳನ್ನು ಓದದೆ ಅರ್ಥ ಮಾತ್ರ ನೋಡಿ ಮುಚ್ಚುವವರಿಗೆ ಇದು ಕಾಣಿಸುವುದೇ ಇಲ್ಲ.

ಕಾರ್ಡು

1885ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಜರ್ಮನಿಯ ಮನೋವಿಜ್ಞಾನಿ ಹೆರ್ಮಾನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದ. ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಜಾರುತ್ತದೆ, ಆಮೇಲೆ ನಿಧಾನವಾಗುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೋಡಿದರೆ ನೆನಪು ಗಟ್ಟಿಯಾಗುತ್ತದೆ ಎಂಬ ತಿಳಿವಿನ ಮೇಲೆ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಕಾರ್ಡುಗಳನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿಸುವ ಪದ್ಧತಿ ಮಾಡಿದ. 2006ರಲ್ಲಿ ಬಂದ ಆಂಕಿಯಂಥ ತಂತ್ರಾಂಶಗಳು ಯಾವ ಕಾರ್ಡನ್ನು ಮತ್ತೆ ಯಾವಾಗ ನೋಡಬೇಕು ಎಂಬ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ.

ನೆನಪಿಗೆ ಕಾರ್ಡಿಗಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆದರೆ ಮುಂದೆ ‘ಅಂಡರ್ ದ ವೆದರ್’, ಹಿಂದೆ ‘ಮೈ ಹುಷಾರಿಲ್ಲದಿರುವುದು’ ಎಂದು ಬರೆದ ಕಾರ್ಡು ಮತ್ತೆ ಪಟ್ಟಿಯೇ, ಚೂರು ಚೂರು ಮಾಡಿದ ಪಟ್ಟಿ. ಅದನ್ನು ತಿರುಗಿಸಿ. ಮುಂದೆ ಸನ್ನಿವೇಶ ಬರೆಯಿರಿ: ‘ನೆಗಡಿ, ಸ್ವಲ್ಪ ತಲೆಭಾರ, ಇವತ್ತು ಬರಲಾಗದು ಎಂದು ಸಹೋದ್ಯೋಗಿಗೆ ಹೇಳಬೇಕು’. ಹಿಂದೆ ಪೂರ್ತಿ ವಾಕ್ಯ: ‘ಐ’ಮ್ ಫೀಲಿಂಗ್ ಎ ಬಿಟ್ ಅಂಡರ್ ದ ವೆದರ್’. ಆಗ ನಾಲಿಗೆಗೆ ಬರುವುದು ವಾಕ್ಯ. ಜೊತೆಗೆ ಅದು ಸಣ್ಣಪುಟ್ಟ ಕಾಯಿಲೆಗೆ ಮಾತ್ರ, ಆಸ್ಪತ್ರೆ ಸೇರಿದವರಿಗೆ ಹೇಳುವ ಮಾತಲ್ಲ ಎಂಬುದೂ ಸನ್ನಿವೇಶದಲ್ಲೇ ಅಡಗಿರುತ್ತದೆ. ತಯಾರು ಮಾಡಿದ ಕಾರ್ಡುಗಳ ಕಂತೆ ಇಳಿಸಿಕೊಂಡವರು ಎರಡು ವಾರಕ್ಕೆ ಬಿಡುವುದನ್ನೇ ನೋಡಿದ್ದೇನೆ. ತಾವೇ ಬರೆದವರು ಉಳಿಯುತ್ತಾರೆ.

ಎಬ್ಬಿಂಗ್‌ಹೌಸ್‌ನ ಉಚ್ಚಾರಗಳಿಗೆ ಅರ್ಥವಿರಲಿಲ್ಲ, ನುಡಿಗಟ್ಟಿಗೆ ಚಿತ್ರವಿದೆ. ಆ ಅನುಕೂಲವನ್ನು ಬಿಡಬಾರದು. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಜ್ಞಾನಿ ಮಾರ್ಕ್ ಜಾನ್ಸನ್ 1980ರಲ್ಲಿ ತೋರಿಸಿದ ಹಾಗೆ ಈ ಮಾತುಗಳ ಹಿಂದೆ ದೊಡ್ಡ ರೂಪಕಗಳಿವೆ. ಕೋಪವೆಂದರೆ ಪಾತ್ರೆಯೊಳಗಿನ ಬಿಸಿ. ನಾವು ಕೋಪದಿಂದ ಕುದಿಯುತ್ತೇವೆ, ಅವರೂ ಕುದಿಯುತ್ತಾರೆ, ‘ಲೆಟ್ ಆಫ್ ಸ್ಟೀಮ್’ ಎಂದು ಆವಿ ಬಿಡುತ್ತಾರೆ, ತಡೆಯದಿದ್ದರೆ ‘ಹಿಟ್ ದ ರೂಫ್’ ಎಂದು ಚಾವಣಿಗೆ ಬಡಿಯುತ್ತಾರೆ. ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದಕ್ಕಿಂತ ಹೀಗೆ ಒಂದು ಚಿತ್ರದ ಸುತ್ತ ಗುಂಪು ಮಾಡಿದ್ದು ಎಷ್ಟೋ ಚೆನ್ನಾಗಿ ನಿಲ್ಲುತ್ತದೆ. ಮೂಲದ ಕತೆಯೂ ನೆರವಾಗುತ್ತದೆ. ‘ರೇನ್ ಚೆಕ್’ ಅಮೆರಿಕದ ಬೇಸ್‌ಬಾಲ್ ಮೈದಾನದ ಮಾತು: ಮಳೆಗೆ ಆಟ ನಿಂತರೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿ. ಅದು ಗೊತ್ತಾದ ಮೇಲೆ ‘ಕ್ಯಾನ್ ಐ ಟೇಕ್ ಎ ರೇನ್ ಚೆಕ್?’ ಎಂದರೆ ‘ಈಗ ಬೇಡ, ಇನ್ನೊಮ್ಮೆ ಬರ್ತೀನಿ’ ಎಂದು ತಾನಾಗಿ ತಿಳಿಯುತ್ತದೆ. ಆದರೆ ಇಂಟರ್ನೆಟ್ಟಿನ ಮೂಲಕತೆಗಳಲ್ಲಿ ಕಟ್ಟುಕತೆ ಬಹಳ. ಹುಲ್ಲಿನ ಮಾಡಿನಿಂದ ಬೆಕ್ಕು ನಾಯಿಗಳು ಜಾರಿ ಬೀಳುತ್ತಿದ್ದವು ಎಂಬ ಮಳೆಯ ಕತೆಗೆ ಆಧಾರವಿಲ್ಲ. ನೆನಪಿಗೆ ಅದನ್ನೂ ಇಟ್ಟುಕೊಳ್ಳಿ, ಇತಿಹಾಸ ಎಂದು ಇನ್ನೊಬ್ಬರಿಗೆ ಹೇಳಬೇಡಿ.

ಕಿವಿ

ಕಾರ್ಡಿನಲ್ಲಿ ಕಲಿತದ್ದು ಮಾತಿನಲ್ಲಿ ಬಂದಾಗ ಗುರುತೇ ಸಿಗದಿರುವುದು ನಮಗೆಲ್ಲ ಆಗಿದೆ. ಕಾರಣ ಉಚ್ಚಾರದಲ್ಲಿದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದ್ದೇ ಮರ್ಯಾದೆ; ಇಂಗ್ಲಿಷಿನಲ್ಲಿ ಒತ್ತು ಬಿದ್ದ ಪದ ಮೆರೆಯುತ್ತದೆ, ಉಳಿದವು ಕುಗ್ಗುತ್ತವೆ. ‘ಕೈಂಡ್ ಆಫ್’ ‘ಕೈಂಡ’ ಆಗುತ್ತದೆ, ‘ಔಟ್ ಆಫ್’ ‘ಔಟ’ ಆಗುತ್ತದೆ. ‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ ಎಂಬಷ್ಟು ಉದ್ದದ ಮಾತು ಒಂದು ಕೆಮ್ಮಿನಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆ.

ಇದಕ್ಕೆ ಧಾರಾವಾಹಿ, ಪಾಡ್‌ಕಾಸ್ಟ್ ಬಿಟ್ಟರೆ ಬೇರೆ ಮದ್ದಿಲ್ಲ. ಆದರೆ ಕನ್ನಡ ಸಬ್‌ಟೈಟಲ್ ಹಾಕಿಕೊಂಡು ಮೂರು ಗಂಟೆ ನೋಡಿ ‘ಇವತ್ತು ಇಂಗ್ಲಿಷ್ ಅಭ್ಯಾಸ ಆಯಿತು’ ಎಂದು ಮಲಗುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಮೂರು ನಿಮಿಷದ ತುಣುಕು ತೆಗೆದುಕೊಳ್ಳಿ. ಮೊದಲು ಅಕ್ಷರವಿಲ್ಲದೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಜೊತೆ, ಮತ್ತೆ ಅಕ್ಷರವಿಲ್ಲದೆ. ಮೂರನೇ ಸಲ ಅವರ ಹಿಂದೆಯೇ ನೀವೂ ಹೇಳಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘ದ ಇಂಗ್ಲಿಷ್ ವಿ ಸ್ಪೀಕ್’ ಕೆಲವೇ ನಿಮಿಷಗಳಲ್ಲಿ ಒಂದು ನುಡಿಗಟ್ಟು ಹೇಳಿ ಮುಗಿಸುತ್ತದೆ. ನಟನೆ ಸ್ವಲ್ಪ ಹೆಚ್ಚೇ, ಆದರೆ ಕೆಲಸಕ್ಕೆ ಬರುತ್ತದೆ. ನನಗೆ ಇನ್ನೂ ಇಷ್ಟವಾದದ್ದು ಯೂಗ್ಲಿಷ್ ಎಂಬ ತಾಣ. ಒಂದು ಮಾತು ಹಾಕಿದರೆ ಯೂಟ್ಯೂಬ್ ವಿಡಿಯೋಗಳಲ್ಲಿ ಯಾರು ಯಾರು ಅದನ್ನು ಹೇಳಿದ್ದಾರೋ ಆ ಜಾಗಕ್ಕೇ ಕರೆದೊಯ್ಯುತ್ತದೆ. ಒಂದೇ ಮಾತು ಇಪ್ಪತ್ತು ಬಾಯಲ್ಲಿ ಕೇಳಿದ ಮೇಲೆ ಒತ್ತು ಎಲ್ಲಿ, ದನಿ ಹೇಗೆ, ಮುಖದಲ್ಲಿ ನಗುವಿದೆಯೋ ಇಲ್ಲವೋ ಎಲ್ಲ ತಿಳಿಯುತ್ತದೆ.

ಈ ದಾರಿಯ ಕೊರತೆಯೂ ಸ್ಪಷ್ಟ: ಏನು ಸಿಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಪೊಲೀಸ್ ಧಾರಾವಾಹಿ ನೋಡುವವರಿಗೆ ಕಳ್ಳರ ಭಾಷೆ ಚೆನ್ನಾಗಿ ಬರುತ್ತದೆ.

ಜೊತೆಗಾರ, ಚಾಟ್‌ಬಾಟ್, ಪದಸಾಗರ

ಮನುಷ್ಯರ ಜೊತೆ ಮಾತಾಡುವುದಕ್ಕೆ ಸಾಟಿಯಿಲ್ಲ. ತಪ್ಪಾದ ಕಡೆ ಹುಬ್ಬೇರುತ್ತದೆ, ಆ ಹುಬ್ಬನ್ನು ಜನ್ಮದಲ್ಲಿ ಮರೆಯುವುದಿಲ್ಲ. ಕಷ್ಟ ಏನೆಂದರೆ ಬಹಳ ಜನ ಮರ್ಯಾದೆಗೆ ತಿದ್ದುವುದೇ ಇಲ್ಲ. ಮೊದಲೇ ಒಪ್ಪಂದ ಮಾಡಿಕೊಳ್ಳಿ: ಅರ್ಧ ಗಂಟೆಗೆ ಮೂರು ತಿದ್ದುಪಡಿ, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಚಾಟ್‌ಬಾಟ್‌ಗೆ ನಾಚಿಕೆ ಪಡಬೇಕಾಗಿಲ್ಲ, ರಾತ್ರಿ ಎರಡಕ್ಕೂ ಬೇಸರಿಸುವುದಿಲ್ಲ. ಸನ್ನಿವೇಶ ಕೊಟ್ಟು ಮಾತಾಡಿಸಲು ಒಳ್ಳೆಯದು. ಆದರೆ ನುಡಿಗಟ್ಟು ಬಳಸಿ ಎಂದರೆ ಸಾಲಿಗೆ ಎರಡರಂತೆ ಸುರಿಯುತ್ತದೆ, ಹಾಗೆ ಯಾರೂ ಮಾತಾಡುವುದಿಲ್ಲ. ಮೂಲದ ಕತೆ ಕೇಳಿದರೆ ಧೈರ್ಯವಾಗಿ ಕಟ್ಟಿ ಹೇಳುವುದೂ ಉಂಟು. ‘ನನ್ನ ವಾಕ್ಯ ಸರಿಯಾ’ ಎಂದು ಕೇಳಬೇಡಿ, ಹೊಗಳಿಕೆ ಸಿಗುತ್ತದೆ. ‘ಈ ಐದರಲ್ಲಿ ಮಾತಿನಲ್ಲಿ ಅತಿ ಕೃತಕವಾಗಿ ಕೇಳುವುದು ಯಾವುದು, ಯಾಕೆ’ ಎಂದು ಕೇಳಿ. ಉತ್ತರವನ್ನು ನಿಘಂಟಿನಲ್ಲಿ ತಾಳೆ ನೋಡಿ.

ಅನುಮಾನದ ಸ್ವಭಾವದವರಿಗೆ ಕಾರ್ಪಸ್ ಇದೆ, ನಿಜವಾದ ಬಳಕೆಯನ್ನು ಗುಡ್ಡೆ ಹಾಕಿದ ಪದಸಾಗರ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದಗಳಿವೆ, ಅದರಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತಿನದು. ಕೋಕಾ ಎಂದು ಕರೆಯುವ ಅಮೆರಿಕನ್ ಇಂಗ್ಲಿಷಿನ ಕಾರ್ಪಸ್ 1990ರಿಂದ 2019ರವರೆಗಿನ 100 ಕೋಟಿಗೂ ಹೆಚ್ಚು ಪದಗಳದ್ದು. ಕಲಿಯಲು ಹೊರಟ ಮಾತು ಬದುಕಿದೆಯೋ ಸತ್ತಿದೆಯೋ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಒಂದು ಮಾತಿನ ಬಳಕೆ ಕಾಲದಿಂದ ಕಾಲಕ್ಕೆ ಎಷ್ಟು ಏರಿಳಿದಿದೆ ಎಂದು ತೋರಿಸುವ ಗೂಗಲ್‌ನ ಎನ್‌ಗ್ರಾಮ್ ನೋಟಕವೂ ಇದೆ, ಆದರೆ ಅದು ಪುಸ್ತಕಗಳನ್ನಷ್ಟೇ ಎಣಿಸುತ್ತದೆ. ಮಾತಿನ ಬಗ್ಗೆ ಅದರ ಸಾಕ್ಷ್ಯ ನಂಬಬೇಡಿ.

ಯಾರ ಜೊತೆ ಮಾತಾಡಲು?

ಬ್ರಿಟನ್ನಿನವರು ‘ಟಚ್ ವುಡ್’ ಎಂದರೆ ಅಮೆರಿಕದವರು ‘ನಾಕ್ ಆನ್ ವುಡ್’. ಬ್ರಿಟನ್ನಿನಲ್ಲಿ ಕಾರ್ಪೆಟ್ ಕೆಳಗೆ ಗುಡಿಸಿದ್ದು ಅಮೆರಿಕದಲ್ಲಿ ರಗ್ ಕೆಳಗೆ. ಜಂಬ ಕೊಚ್ಚುವಾಗ ಬ್ರಿಟನ್ನಿನವರು ತಮ್ಮ ತುತ್ತೂರಿ ತಾವೇ ಊದುತ್ತಾರೆ, ಅಮೆರಿಕದವರು ಹಾರ್ನ್. ಇವುಗಳಿಂದ ಯಾರಿಗೂ ತೊಂದರೆಯಿಲ್ಲ. ‘ಟೇಬಲ್’ ಮಾತ್ರ ಜೋಕೆ. ಬ್ರಿಟನ್ನಿನಲ್ಲಿ ವಿಷಯವನ್ನು ‘ಟೇಬಲ್’ ಮಾಡಿದರೆ ಈಗಲೇ ಚರ್ಚೆಗೆ ತಂದಂತೆ, ಅಮೆರಿಕದಲ್ಲಿ ಚರ್ಚೆಯಿಂದ ಬದಿಗಿಟ್ಟಂತೆ. ಎರಡನೇ ಮಹಾಯುದ್ಧದಲ್ಲಿ ಈ ಒಂದು ಪದಕ್ಕಾಗಿ ಎರಡೂ ದೇಶದ ಸೇನಾಧಿಕಾರಿಗಳ ನಡುವೆ ದೀರ್ಘ ವಾದ ನಡೆಯಿತೆಂದು ಚರ್ಚಿಲ್ ಬರೆದಿದ್ದಾರೆ. ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಅಭಿಪ್ರಾಯವಾಗಿತ್ತಂತೆ.

ನಿಮ್ಮ ಎದುರಿನವರು ಜಪಾನಿನವರೋ ಬ್ರೆಜಿಲ್‌ನವರೋ ಆಗಿದ್ದರೆ ಲೆಕ್ಕವೇ ಬೇರೆ. ಅವರೂ ನಮ್ಮಂತೆ ಕಲಿತವರು. ವಿಯೆನ್ನಾದ ಭಾಷಾವಿಜ್ಞಾನಿ ಬಾರ್ಬರಾ ಸೈಡಲ್‌ಹೋಫರ್ ಇಂಥ ಮಾತುಕತೆಗಳಲ್ಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ನುಡಿಗಟ್ಟೇ ತೊಡಕಾಗುವುದನ್ನು ಗುರುತಿಸಿ ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ, ‘ಏಕಪಕ್ಷೀಯ ನುಡಿಗಟ್ಟುತನ’ ಎಂಬ ಅರ್ಥದ್ದು. ಅಲ್ಲಿ ಬಣ್ಣದ ಮಾತು ಪೂರ್ತಿ ಬಿಡಿ, ಅಂಟಿನ ಮಾತು ಸಾಕು.

ಹಾಗಾಗಿ ನನ್ನ ಸಲಹೆ ಹೀಗೆ. ಕೆಲಸದ ಕರೆಗಳಲ್ಲಿ ಹಲವು ದೇಶದವರ ಜೊತೆ ಮಾತಾಡುವವರು ಅಂಟಿನ ಮಾತುಗಳ ಕಾರ್ಡು ಮಾಡಿಕೊಂಡು, ವಾರಕ್ಕೊಮ್ಮೆ ಜೊತೆಗಾರರೊಬ್ಬರನ್ನು ಹಿಡಿಯಲಿ. ಇಂಗ್ಲಿಷ್ ಮನೆಮಾತಿನ ದೇಶಕ್ಕೆ ಹೊರಟವರು ಕಿವಿಯ ದಾರಿಗೆ ಹೆಚ್ಚು ಸಮಯ ಕೊಡಲಿ, ಹೋಗುವ ದೇಶದ್ದೇ ಪಾಡ್‌ಕಾಸ್ಟ್ ಆರಿಸಲಿ. ದಿನಕ್ಕೆ ಹತ್ತೇ ನಿಮಿಷ ಇರುವವರು ತಾವೇ ಬರೆದ ಕಾರ್ಡು ಬಿಟ್ಟು ಬೇರೇನೂ ಮುಟ್ಟುವುದು ಬೇಡ. ಬರೀ ಸಿನಿಮಾ ಅರ್ಥವಾದರೆ ಸಾಕು ಎನ್ನುವವರಿಗೆ ನಿಘಂಟು ಮತ್ತು ಕಿವಿ ಸಾಕು, ಕಾರ್ಡಿನ ಗೋಜೇ ಬೇಡ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಮಾತ್ರ ಒಂದು ಮಾತು ಹೆಚ್ಚು. ಮಾತಿನ ಪರೀಕ್ಷೆಯ ಏಳನೇ ಬ್ಯಾಂಡಿನ, ಅಂದರೆ ಅಂಕದ ಮಟ್ಟದ, ವಿವರಣೆಯಲ್ಲಿ ರೂಢಿಯ ನುಡಿ ಬಳಸಬೇಕು ಎಂದಿರುವುದು ನಿಜ. ಅದನ್ನೋದಿ ಬೆಕ್ಕು ನಾಯಿಗಳನ್ನೆಲ್ಲ ಪರೀಕ್ಷಕರ ಮೇಲೆ ಸುರಿಸುವವರಿದ್ದಾರೆ. ಅದೇ ಸಾಲಿನಲ್ಲಿ ಶೈಲಿಯ ಅರಿವು, ಪದಗಳ ಸಹಜ ಜೋಡಣೆ ಎಂಬ ಮಾತೂ ಇದೆ. ಫ್ರೇಸಲ್ ವರ್ಬ್‌ಗಳೂ ರೂಢಿಯ ನುಡಿಯೇ. ‘ಐ ಎಂಡೆಡ್ ಅಪ್ ಎಂಜಾಯಿಂಗ್ ಇಟ್’ (ಕೊನೆಗೆ ಅದು ಇಷ್ಟವೇ ಆಯಿತು) ಎಂದು ಸಹಜವಾಗಿ ಬಂದ ಒಂದು ವಾಕ್ಯ, ತುರುಕಿದ ಐದು ಗಾದೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಷ್ಟು ಕಲಿತರೂ ಮಾತಿನ ನಡುವೆ ಗೊತ್ತಿಲ್ಲದ್ದು ಬಂದೇ ಬರುತ್ತದೆ. ಆಗ ನಕ್ಕು ತಲೆಯಾಡಿಸುವುದು ನಮ್ಮ ಹಳೇ ಚಾಳಿ. ಎರಡು ನಿಮಿಷದ ನಂತರ ಅದೇ ವಿಷಯಕ್ಕೆ ಉತ್ತರ ಕೊಡಬೇಕಾಗಿ ಬಂದಾಗ ಸಿಕ್ಕಿಬೀಳುತ್ತೇವೆ. ‘ವಾಟ್ ಡು ಯು ಮೀನ್?’ ಎಂದರೆ ದನಿ ಸ್ವಲ್ಪ ಏರಿದರೂ ಜಗಳಕ್ಕೆ ನಿಂತಂತೆ ಕೇಳುತ್ತದೆ. ಅದರ ಬದಲು ‘ಐ ಹ್ಯಾವಂಟ್ ಹರ್ಡ್ ದಟ್ ಒನ್ ಬಿಫೋರ್’ ಎಂದು ನೋಡಿ. ಹೆಚ್ಚಿನವರು ಖುಷಿಯಿಂದ ಅರ್ಥ ಹೇಳುತ್ತಾರೆ, ತಮ್ಮ ಅಜ್ಜಿ ಅದನ್ನು ಯಾವಾಗ ಹೇಳುತ್ತಿದ್ದರು ಎಂಬುದನ್ನೂ ಸೇರಿಸಿ.